ಅತ್ತಿಗೆಯ ಹಾಗೇ ಇದ್ದವಳು

"ಅಡುಗೆಮನೇಲಿ ಇರೋಳು ಯಾರು?"

ಅಣ್ಣ ನನ್ನ ಕಿವಿಯಲ್ಲಿ ಹೀಗೆ ಪಿಸುಗುಟ್ಟಿದಾಗ ಟಿವಿಯಲ್ಲಿ ಹಳೆಯ ಕಪ್ಪು-ಬಿಳುಪು ಇಂಗ್ಲಿಷ್ ಸಿನಿಮಾ ಓಡುತ್ತಿತ್ತು. ನಾನು ನಕ್ಕುಬಿಟ್ಟೆ. ನೀವಾಗಿದ್ದರೂ ನಗುತ್ತಿದ್ದಿರಿ.

ಅಣ್ಣ-ಅತ್ತಿಗೆ ಇರುವುದು ಬಾಳೂರಿನ ಹತ್ತಿರ, ಸಣ್ಣದೊಂದು ಕಾಫಿ ತೋಟ ಮಾಡಿಕೊಂಡು. ನಾನಿರುವುದು ಮೂಡಿಗೆರೆ ಪೇಟೆಯಲ್ಲಿ. ಭಾನುವಾರ ಮಧ್ಯಾಹ್ನ ಅವರ ಮನೆಯಲ್ಲಿ ಊಟ ಮುಗಿಸಿ, ಕರ್ಟನ್ ಎಳೆದು, ನಾನು ಪೆನ್ ಡ್ರೈವ್‌ನಲ್ಲಿ ತಂದ ಹಳೆಯ ದೆವ್ವದ ಸಿನಿಮಾವನ್ನೋ ಸೈನ್ಸ್ ಫಿಕ್ಷನ್ನನ್ನೋ ನೋಡುವುದು ನಮ್ಮಿಬ್ಬರ ಚಟ. (ಹೊಸ ಹಾರರ್ ಸಿನಿಮಾಗಳು ನಮಗೆ ಆಗಿಬರುವುದಿಲ್ಲ. ಅವುಗಳಲ್ಲಿ ಸದ್ದು ಜಾಸ್ತಿ, ದೆವ್ವ ಕಡಿಮೆ.)

ಅಣ್ಣ ಇವನ್ನೆಲ್ಲ ನೋಡುವುದು ಹೆದರಲಿಕ್ಕಲ್ಲ, ನಗಲಿಕ್ಕೆ. "ಆ ರಾಕ್ಷಸನ ಬೆನ್ನಲ್ಲಿ ಜಿಪ್ ಕಾಣ್ತದೆ ನೋಡೋ ಮಾರಾಯ!" ಎಂದು ತೊಡೆ ತಟ್ಟಿಕೊಳ್ಳುತ್ತಾನೆ. ತೋಟದಲ್ಲಿ ಒಂಟಿ ಆನೆ ಎದುರಾದಾಗ ಮರದ ಮರೆಯಲ್ಲಿ ಕಲ್ಲಿನ ಹಾಗೆ ನಿಂತು ಬದುಕಿ ಬಂದವನು. ಅಂಥವನಿಗೆ ರಬ್ಬರ್ ರಾಕ್ಷಸ ಯಾವ ಲೆಕ್ಕ?

ಕಾಫಿ ಕೊಯ್ಲಿನ ಆ ಭಾನುವಾರ ಮಾತ್ರ ಅಣ್ಣ ನಗಲಿಲ್ಲ. ಅವತ್ತಿನ ಸಿನಿಮಾದಲ್ಲಿ ಬೇರೆ ಗ್ರಹದವರು ಬಂದು ಮನುಷ್ಯರ ರೂಪ ಹಾಕಿಕೊಳ್ಳುತ್ತಾರೆ. ಅದೇ ಮುಖ, ಅದೇ ಬಟ್ಟೆ. ಒಳಗಿರುವವರು ಮಾತ್ರ ಬೇರೆ. ಅಣ್ಣ ಕುರ್ಚಿಯ ತುದಿಗೆ ಬಂದಿದ್ದ. ಆಮೇಲೆ ಆ ಪ್ರಶ್ನೆ.

"ಯಾರೂಂದ್ರೆ? ಅತ್ತಿಗೆ" ಅಂದೆ, ನಗುತ್ತಲೇ.

"ಅಲ್ಲ. ಅವಳ ಹಾಗೇ ಇದಾಳೆ. ಸೀರೆ ವಿಮಲಂದೇ. ಗಲ್ಲದ ಮಚ್ಚೆನೂ ಇದೆ. ಆದ್ರೆ ಅವಳಲ್ಲ. ಸುಮಾರು ದಿನದಿಂದ ನೋಡ್ತಾ ಇದೀನಿ. ನೀನು ಜೋರಾಗಿ ಮಾತಾಡ್ಬೇಡ."

ನನ್ನ ನಗು ಅಲ್ಲೇ ನಿಂತಿತು. ತಮಾಷೆ ಮಾಡುವವನು ಹಾಗೆ ಅಡುಗೆಮನೆಯ ಬಾಗಿಲಿನಿಂದ ಕಣ್ಣು ಕೀಳದೆ ಕೂರುವುದಿಲ್ಲ.

ಅಷ್ಟರಲ್ಲಿ ಅತ್ತಿಗೆ ಕಾಫಿ ತಂದರು. ಅಣ್ಣ ಲೋಟ ಮುಟ್ಟಲಿಲ್ಲ. "ಮೊದ್ಲು ನೀನು ಕುಡಿ" ಅಂದ.

ಅತ್ತಿಗೆ ಲೋಟ ಎತ್ತಿಕೊಂಡರು. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಅದನ್ನು ನೋಡಿ ನನಗೆ ಇನ್ನೂ ಗಾಬರಿಯಾಯಿತು. ಅವರಿಗೆ ಆಶ್ಚರ್ಯವೇ ಆಗಲಿಲ್ಲವಲ್ಲ! ಅಂದರೆ ಇದು ಮೊದಲ ಸಲ ಅಲ್ಲ. ಇಷ್ಟು ದಿನ ಯಾರಿಗೂ ಹೇಳದೆ ಇದನ್ನು ನುಂಗಿಕೊಂಡಿದ್ದಾರೆ.

"ಕಣದಲ್ಲಿ ಒಣಹಾಕಿದ ಕಾಫಿ ಕೈಯಾಡಿಸಿ ಬರ್ತೀನಿ" ಎಂದು ಹೊರಗೆ ಹೋದರು. ನನ್ನ ಕಡೆ ನೋಡಿದ ನೋಟದಲ್ಲಿ, ನೀನೂ ಬಾ, ಮಾತಾಡಬೇಕು ಎಂಬುದಿತ್ತು. ನಾನು ಏಳುವುದರೊಳಗೆ ಅಣ್ಣ ಎದ್ದಿದ್ದ. ಬಾಗಿಲು ಹಾಕಿ ಚಿಲಕ ಜಡಿದ. ಬಾಗಿಲ ಹಿಂದೆ ತೂಗುಹಾಕಿದ್ದ ಕತ್ತಿ ಈಗ ಅವನ ಕೈಯಲ್ಲಿತ್ತು. ತೋಟದ ನೆರಳಿನ ಮರಗಳ ಕೊಂಬೆ ಕಡಿದು ಮರಗಸಿ ಮಾಡುವ, ಮೊನ್ನೆಯಷ್ಟೇ ಮಸೆದಿಟ್ಟ ಕತ್ತಿ.

"ಅಣ್ಣಾ, ಕೊಡು ಇಲ್ಲಿ."

"ಹತ್ರ ಬರ್ಬೇಡ! ನೀನೂ ಅವಳ ಕಡೆಯವನಾ?"

ಚಿಲಕದ ಸದ್ದು ಕೇಳಿ ಅತ್ತಿಗೆ ಓಡಿ ಬಂದು ಕಿಟಕಿಯ ಕರ್ಟನ್ ಸಂದಿಯಿಂದ ಇಣುಕಿದರು. "ರೀ, ಎಂತ ಇದು? ಬಾಗಿಲು ತೆಗೀರಿ." ಗಾಜಿನಾಚೆ ಅವರ ಮುಖ ಕಂಡದ್ದೇ ತಡ, ಅಣ್ಣ ಕತ್ತಿ ಎತ್ತಿಕೊಂಡು ಕಿಟಕಿಯತ್ತ ನುಗ್ಗಿದ. ನಾನು ಹಿಂದಿನಿಂದ ಅವನ ಸೊಂಟ ತಬ್ಬಿ ಹಿಡಿದೆ. "ಅತ್ತಿಗೆ, ಆಚೆ ಹೋಗಿ! ಕಾಣಿಸ್ಕೊಳ್ಬೇಡಿ!" ಎಂದು ಕಿರುಚಿದೆ.

ಸಿನಿಮಾದಲ್ಲಾದರೆ ಪಾಜ್ ಬಟನ್ ಇರುತ್ತದೆ. ಇಲ್ಲಿ?

ಅತ್ತಿಗೆ ಕಿಟಕಿಯಿಂದ ಮರೆಯಾದರು. ಅಣ್ಣ ಏದುಸಿರು ಬಿಡುತ್ತಾ ಗೋಡೆಗೆ ಒರಗಿ ನಿಂತ. ಕತ್ತಿ ಬಿಟ್ಟಿರಲಿಲ್ಲ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ, ಬರೀ ಹೆದರಿಕೆ. ಅಣ್ಣ ಹೆದರಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡವನಲ್ಲ.

ಆಗ ನನ್ನ ಫೋನ್ ರಿಂಗಾಯಿತು. ಅತ್ತಿಗೆ! ಕಣದ ಆಚೆ ತುದಿಯಲ್ಲಿ, ತಮ್ಮ ಫೋನಿಗೆ ನೆಟ್‌ವರ್ಕ್ ಸಿಗುವ ಒಂದೇ ಜಾಗಕ್ಕೆ ಹೋಗಿ ನಿಂತಿದ್ದರು. ಕತ್ತಿಯ ಮೇಲಿಂದ ಕಣ್ಣು ತೆಗೆಯಲು ಧೈರ್ಯವಾಗದೆ, ಸ್ಪೀಕರ್ ಹಾಕಿ ಫೋನನ್ನು ಟೀಪಾಯಿಯ ಮೇಲಿಟ್ಟೆ.

"ಶ್ರೀಧರ, ಅವ್ರಿಗೆ ಪೆಟ್ಟಾಯ್ತೇನೋ?"

ಅಣ್ಣ ಬೆಚ್ಚಿದ. ಫೋನಿನ ಮೇಲೆ ಬಾಗಿದ. "ವಿಮಲಾ? ವಿಮಲಾನಾ? ಎಲ್ಲಿದ್ದೀಯೆ ಮಾರಾಯ್ತಿ? ನನ್ನ ಬಿಟ್ಟು ಎಲ್ಲಿಗೆ ಹೋದೆ?" ಅನ್ನುತ್ತಾ ಮಗುವಿನ ಹಾಗೆ ಅಳತೊಡಗಿದ. "ಇಲ್ಲಿ ಯಾರೋ ನಿನ್ನ ಹಾಗೇ ಇರೋಳು ಬಂದು ಸೇರ್ಕೊಂಡಿದಾಳೆ."

ನೆಟ್‌ವರ್ಕ್ ಹೋಯಿತೆಂದೇ ನಾನು ಭಾವಿಸಿದೆ. ಆಮೇಲೆ ಅತ್ತಿಗೆಯ ಧ್ವನಿ ಬಂತು, ದಿನಾ ಮಾತಾಡುವಷ್ಟೇ ಸಲೀಸಾಗಿ.

"ಅವಳಾ? ಅವಳನ್ನ ಕಳ್ಸಿದ್ದು ನಾನೇ ಅಲ್ವಾ? ಕೊಯ್ಲಿನ ಟೈಮು, ನಿಮ್ಮನ್ನ ನೋಡ್ಕೊಳ್ಳೋಕೆ ಒಬ್ಬರು ಬೇಡ್ವಾ? ಒಳ್ಳೆಯವಳು. ಅವಳಿಗೆ ಏನೂ ಮಾಡ್ಬೇಡಿ."

"ನೀನೇ ಕಳ್ಸಿದ್ದಾ?"

"ಹೂಂ. ಈಗ ಆ ಕತ್ತಿ ಶ್ರೀಧರನ ಕೈಗೆ ಕೊಡಿ. ಬಾಗಿಲು ತೆಗೆದು ಅವಳನ್ನ ಒಳಗೆ ಕರ್ಕೊಳ್ಳಿ. ಬಿಸಿಲಲ್ಲಿ ನಿಂತಿದಾಳೆ, ಪಾಪ."

ಅಣ್ಣ ಕತ್ತಿಯನ್ನು ನನಗೆ ಕೊಟ್ಟ. ನಾನು ಅದನ್ನು ಅಟ್ಟಕ್ಕೆ ಎಸೆದು ಬಂದು ನೋಡುತ್ತೇನೆ, ಅವನೇ ಚಿಲಕ ತೆಗೆಯುತ್ತಿದ್ದ. ಹೊಸ್ತಿಲಾಚೆ ಅತ್ತಿಗೆ ನಿಂತಿದ್ದರು, ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡು. ಮುಖ ಬಿಳಿಚಿಕೊಂಡಿತ್ತು. ತಮ್ಮದೇ ಮನೆಗೆ ಅಪರಿಚಿತಳ ಹಾಗೆ, ಅಳುಕುತ್ತಾ ಕಾಲಿಟ್ಟರು.

ಮರುದಿನವೇ ಅಣ್ಣನನ್ನು ಚಿಕ್ಕಮಗಳೂರಿಗೆ ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರಿಗೆ ನನ್ನ ಮೊದಲ ಪ್ರಶ್ನೆ, ಇದು ಸಿನಿಮಾ ನೋಡಿ ಆದದ್ದಾ ಎಂಬುದೇ. ಅವರು ಅಲ್ಲವೆಂದು ತಲೆಯಾಡಿಸಿದರು. ಮೆದುಳಿನ ಕಾಯಿಲೆ, ಮೊದಲೇ ಶುರುವಾಗಿದೆ, ಸಿನಿಮಾ ಅದಕ್ಕೊಂದು ಕಥೆ ಒದಗಿಸಿರಬಹುದು ಅಷ್ಟೆ ಅಂದರು. "ಮುಖ ಅವರಿಗೆ ಗುರುತು ಸಿಗುತ್ತೆ. ಆದ್ರೆ ನೋಡಿದ ತಕ್ಷಣ ಇವಳು ನನ್ನವಳು ಅನ್ನಿಸ್ಬೇಕಲ್ಲ, ಅದು ಅನ್ನಿಸ್ತಿಲ್ಲ. ಧ್ವನಿ ಮಾತ್ರ ಕೇಳಿದಾಗ ಕೆಲವರಿಗೆ ಆ ತೊಂದರೆ ಇರಲ್ಲ."

ಈಗ ಮಾತ್ರೆಗಳು ನಡೆಯುತ್ತಿವೆ. ಮನೆಯಲ್ಲಿ ಕತ್ತಿ ಕೈಗೆ ಸಿಗದ ಹಾಗೆ ಇಟ್ಟಿದ್ದೇವೆ, ತೋಟದ ಆಳೊಬ್ಬರು ಹಗಲೂ ರಾತ್ರಿ ಜೊತೆಗಿರುತ್ತಾರೆ. ಕೆಲವು ದಿನ ಅತ್ತಿಗೆ ಅತ್ತಿಗೆಯೇ. ಕೆಲವು ದಿನ ಅವರು "ವಿಮಲ ಕಳ್ಸಿದೋರು". ಅಂಥ ದಿನ ಅಣ್ಣ ಅವರನ್ನು ಬಹುವಚನದಲ್ಲೇ ಮಾತಾಡಿಸುತ್ತಾನೆ. ತಟ್ಟೆ ತಾನೇ ಎತ್ತಿಡುತ್ತಾನೆ. "ನಿಮಗೆ ತುಂಬಾ ತೊಂದ್ರೆ ಆಯ್ತು" ಅನ್ನುತ್ತಾನೆ.

ಕಳೆದ ವಾರ ಹೋದಾಗ ಅತ್ತಿಗೆ ಜಗುಲಿಯಲ್ಲಿ ಕಾಳುಮೆಣಸು ಆರಿಸುತ್ತಾ ಕೂತಿದ್ದರು. ನಗುತ್ತಿದ್ದರೋ ಅಳುತ್ತಿದ್ದರೋ ಗೊತ್ತಾಗಲಿಲ್ಲ.

"ನಿನ್ನೆ ಮಧ್ಯಾಹ್ನ ನಿಮ್ಮಣ್ಣ ನನ್ನ 'ನಿಮ್ಮದು ಊಟ ಆಯ್ತಾ?' ಅಂತ ಕೇಳಿದ್ರು ಕಣೋ. ಮದುವೆಯಾಗಿ ಇಷ್ಟು ವರ್ಷ ಆಯ್ತು, ಇದೇ ಮೊದಲು."

ಅಣ್ಣನಿಗಾದರೆ ಕಾಯಿಲೆ. ಉಣಬಡಿಸಿ ನಿಂತವಳಿಗೆ ಆ ಒಂದು ಮಾತು ಕೇಳದ ನಮಗೆಲ್ಲ ಏನಾಗಿದೆ?