ಬಿದ್ದಂತೆ ಕಂಡ ಸಿಗ್ನಲ್

ಯಾರೋ ಕರೆದಂತಾಯಿತು, ತಿರುಗಿ ನೋಡಿದರೆ ಯಾರೂ ಇರಲಿಲ್ಲ ಎಂದೆಲ್ಲ ಬರೆಯುವವರನ್ನು ನಾನು ಒಂದು ಕಾಲಕ್ಕೆ ಚೆನ್ನಾಗಿ ಗೇಲಿ ಮಾಡಿದ್ದೇನೆ. ಲೋಹ ಎಲ್ಲಿ, ಯಾಕೆ ಬಿರುಕು ಬಿಡುತ್ತದೆ ಎಂದು ಅಳೆಯುವುದು ನನ್ನ ಹೊಟ್ಟೆಪಾಡು. ಅಳತೆಗೆ ಸಿಗದ್ದನ್ನು ನಂಬುವ ಅಭ್ಯಾಸ ನನಗಿರಲಿಲ್ಲ. ಈಗ ಇದೆಯೇ ಎಂದರೆ ಅದನ್ನೂ ಹೇಳಲಾರೆ. ನೀವು ನಂಬಲೇಬೇಕೆಂಬ ಹಟವೇನಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಜಪಾನಿನ ಕಾಶಿವಾ ಎಂಬ ಊರಿನ ವಿಶ್ವವಿದ್ಯಾಲಯಕ್ಕೆ ಸಂಶೋಧಕನಾಗಿ ಬಂದ ಹೊಸತರಲ್ಲಿ ನನಗೆ ಭಾನುವಾರ ಕಳೆಯುವುದೇ ಕಷ್ಟವಾಗುತ್ತಿತ್ತು. ಒಂದು ದಿನ ಟೋಕಿಯೋದ ಅಕಿಹಬರಾ ಪೇಟೆಯ ಸೆಕೆಂಡ್ ಹ್ಯಾಂಡ್ ಆಟಿಕೆ ಅಂಗಡಿಯೊಂದರಲ್ಲಿ ಬುಲೆಟ್ ಟ್ರೇನುಗಳ ಸಾಲಿನ ಕೊನೆಗೆ ಒಂದು ಹಸಿರು ಬಣ್ಣದ ಸ್ಟೀಮ್ ಎಂಜಿನ್ ಕಂಡಿತು. ಇಂಗ್ಲೆಂಡಿನ ಮಾದರಿ, ಅಂಗೈಯಲ್ಲಿ ಕೂರುವಷ್ಟಿತ್ತು. ಹೊಗೆಕೊಳವೆ, ಅದರ ಹಿಂದಿನ ಗುಮ್ಮಟ, ಚಕ್ರ ಚಕ್ರಕ್ಕೆ ಕೈಹಿಡಿದಂತಿದ್ದ ಸರಳು, ಎಲ್ಲವೂ ಥೇಟ್ ನಮ್ಮಪ್ಪ ಓಡಿಸುತ್ತಿದ್ದ ಎಂಜಿನ್ನಿನ ಮರಿಯೇ. ಬಿಟ್ಟು ಬರಲು ಮನಸ್ಸಾಗಲಿಲ್ಲ. ಹೆಂಡತಿ ಶುಭಾ, “ಐವತ್ತು ಹತ್ರ ಬಂತು, ಇನ್ನೂ ಚುಕುಬುಕು ಆಟಾನಾ ನಿಮ್ದು?” ಎಂದು ನಕ್ಕಳು. ಹಳಿ ಹಾಸಲು ಊಟದ ಮೇಜು ಖಾಲಿ ಮಾಡಿಕೊಟ್ಟವಳೂ ಅವಳೇ.

ಅಪ್ಪ ಸ್ಟೀಮ್ ಎಂಜಿನ್ ಡ್ರೈವರ್ ಆಗಿದ್ದರು. ಮೀಟರ್ ಗೇಜ್ ಕಾಲದ ಒಂದು ಸಣ್ಣ ಜಂಕ್ಷನ್ನಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ನಾವು ಬೆಳೆದದ್ದು. ಊರ ಹತ್ತಿರ ಬರುವಾಗ ಅಪ್ಪ ಒಂದು ಉದ್ದ, ಎರಡು ಗಿಡ್ಡ ಸೀಟಿ ಹಾಕುತ್ತಿದ್ದರು. ಕೇಳಿದ್ದೇ ತಡ, ಅಮ್ಮ ಬಚ್ಚಲ ಹಂಡೆಗೆ ಉರಿ ಹೆಚ್ಚಿಸುತ್ತಿದ್ದಳು. ಎಷ್ಟು ತಿಕ್ಕಿದರೂ ಅಪ್ಪನ ಕಿವಿಯ ಸಂದಿಯಲ್ಲಿ ಕಲ್ಲಿದ್ದಲ ಪುಡಿ ಉಳಿಯುತ್ತಿತ್ತು. ಅವರ ಊಟದ ಡಬ್ಬಿಯ ತಳದಲ್ಲಿ ನಮಗೆಂದೇ ಕಡಲೆಕಾಯಿ ಇರುತ್ತಿತ್ತು, ಫೈರ್‌ಮನ್ ಮುನಿಯಪ್ಪ ಮಾಮ ಸಲಿಕೆಯ ಮೇಲಿಟ್ಟು ಎಂಜಿನ್ ಬೆಂಕಿಯಲ್ಲಿ ಹುರಿದದ್ದು. ಅಯ್ಯೋ, ಆ ರುಚಿ! ಇಲ್ಲಿ ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಗಳಲ್ಲಿ ಏನೇನೋ ಸಿಗುತ್ತದೆ, ಅದೊಂದು ಸಿಗುವುದಿಲ್ಲ.

ಎಂಜಿನ್ನಿನಲ್ಲಿ ಒಂದು ಕಟ್ಟುನಿಟ್ಟಿತ್ತು. ಸ್ಟೇಷನ್ನಿಗೆ ಮುಂಚೆ ಬರುವ ಹೋಮ್ ಸಿಗ್ನಲ್ ಕಂಬದ ಕೈ ಕೆಳಗಿಳಿದರೆ ದಾರಿ ಇದೆ ಎಂದರ್ಥ. “ಸಿಗ್ನಲ್ ಬಿತ್ತು” ಎನ್ನುತ್ತೇವಲ್ಲ, ಅದೇ. ಡ್ರೈವರ್ ಅದನ್ನು ನೋಡಿ “ಹೋಮ್ ಡೌನ್!” ಎಂದು ಕೂಗಬೇಕು. ಫೈರ್‌ಮನ್ ತಾನೂ ಕಣ್ಣಾರೆ ನೋಡಿ “ಡೌನ್!” ಎಂದು ಮರುಕೂಗು ಕೊಡಬೇಕು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ ಅಪ್ಪ ಬೀಳದ ಸಿಗ್ನಲ್ಲನ್ನು ದಾಟಿಹೋಗಿ, ನಿಂತಿದ್ದ ಗೂಡ್ಸ್ ಗಾಡಿಗೆ ಗುದ್ದಿದರು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ವಿಚಾರಣೆಯಲ್ಲಿ ಅಪ್ಪ, “ಕೈ ಬಿದ್ದಿತ್ತು. ನಾನು ಕೂಗಿದೆ, ಮರುಕೂಗೂ ಬಂತು” ಎಂದರು. ಮುನಿಯಪ್ಪ ಮಾಮ, “ನಾನು ಬೆಂಕಿಗೆ ಕಲ್ಲಿದ್ದಲು ಹಾಕ್ತಿದ್ದೆ ಸಾರ್, ಕೂಗಲೇ ಇಲ್ಲ” ಎಂದುಬಿಟ್ಟರು. ಅದಕ್ಕೆ ಅಪ್ಪ ಎದುರಾಡಲಿಲ್ಲವಂತೆ. ಅಲ್ಲಿಂದ ನಿವೃತ್ತಿಯವರೆಗೂ ಅವರಿಗೆ ಯಾರ್ಡಿನಲ್ಲಿ ವ್ಯಾಗನ್ ತಳ್ಳುವ ಕೆಲಸವೇ ಗತಿಯಾಯಿತು. ಮನೆಗೆ ಸೀಟಿ ಕೇಳಿಸುವುದೂ ನಿಂತಿತು.

ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳಿರಬೇಕಲ್ಲ? ಚಿಕ್ಕವನಿದ್ದಾಗ ಅದು ಮುನಿಯಪ್ಪ ಮಾಮನೇ ಎಂದುಕೊಂಡು ಅವರ ಮನೆಯ ಮುಂದೆ ಉಗುಳಿ ಹೋಗುತ್ತಿದ್ದೆ. ನಾಲ್ಕಕ್ಷರ ಕಲಿತ ಮೇಲೆ, ಇಲ್ಲ, ಅಪ್ಪನೇ ಎನ್ನಿಸಿತು. ಕಾಲೇಜಿನ ರಜೆಗೆ ಬಂದಾಗ ಮುಖಕ್ಕೇ ಕೇಳಿದೆ: “ತಪ್ಪಾಯ್ತು ಅಂತ ಒಪ್ಕೊಂಡಿದ್ರೆ ಏನ್ ಹೋಗ್ತಿತ್ತಪ್ಪ?” ಅಪ್ಪ ಎದ್ದು ಹೊರಗೆ ಹೋದರು. ಅವರು ತೀರಿಕೊಳ್ಳುವವರೆಗೂ ನಾವಿಬ್ಬರೂ ರೈಲಿನ ಮಾತೆತ್ತಲಿಲ್ಲ.

ಇನ್ನು ಆ ದಿನದ ವಿಷಯ. ಕಾಶಿವಾದ ಒಂದು ಸಮುದಾಯ ಭವನದಲ್ಲಿ ತಿಂಗಳಿಗೊಂದು ಭಾನುವಾರ ಇಂಗ್ಲಿಷ್ ರೈಲುಗಳ ಹುಚ್ಚಿನ ಐದಾರು ಜಪಾನಿ ಹಿರಿಯರು ಸೇರುತ್ತಾರೆ. ಉದ್ದನೆಯ ಮೇಜುಗಳನ್ನು ಜೋಡಿಸಿ ಹಳಿ, ಸುರಂಗ, ಇಂಗ್ಲೆಂಡಿನ ಹಳ್ಳಿ ಸ್ಟೇಷನ್ನು ಎಲ್ಲ ಹೂಡುತ್ತಾರೆ. ಅವರ ಮುಖಂಡ ಮೊರಿತಾ-ಸಾನ್ ರೈಲಿನಲ್ಲೇ ದುಡಿದು ನಿವೃತ್ತರಾದವರು. ಆಟಿಕೆಯಾದರೇನು, ಸಿಗ್ನಲ್ಲಿಗೆ ಬೆರಳು ತೋರಿಸಿ ಗಟ್ಟಿಯಾಗಿ ಕೂಗದೆ ಗಾಡಿ ಹೊರಡಿಸುವಂತಿಲ್ಲ ಎಂಬುದು ಅವರ ಕಾನೂನು. ಜಪಾನಿನ ಡ್ರೈವರುಗಳು ನಿಜವಾದ ರೈಲಿನಲ್ಲೂ ಹಾಗೆಯೇ ಮಾಡುತ್ತಾರೆ, ಮರುಕೂಗಿಗೆ ಮಾತ್ರ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಉಳಿದವರು ಜಪಾನಿಯಲ್ಲಿ ಕೂಗುತ್ತಿದ್ದರು. ನನ್ನ ಬಾಯಿಗೆ ಬರುತ್ತಿದ್ದದ್ದು ಅಪ್ಪನ ಕೂಗು. ಮೊರಿತಾ-ಸಾನ್‌ಗೆ ಅದು ಬಲು ಇಷ್ಟವಾಗಿತ್ತು.

ಮಧ್ಯಾಹ್ನ ಮೂರು ಗಂಟೆ, ಕಿಟಕಿಯ ತುಂಬ ಬಿಸಿಲು. ಮೇಜಿನ ಕೊನೆಯಲ್ಲಿ ನಾನು ನನ್ನ ಹಸಿರು ಎಂಜಿನ್ನಿಗೆ ಮೂರು ಡಬ್ಬಿ ಕಟ್ಟಿಕೊಂಡು ಕೂತಿದ್ದೆ. ಸಿಗ್ನಲ್ಲಿನ ಲಿವರುಗಳು ಆಚೆ ಬದಿಯಲ್ಲಿ ಮೊರಿತಾ-ಸಾನ್ ಕೈಯಲ್ಲಿದ್ದವು. ಸ್ಟೇಷನ್ನಿನಲ್ಲಿ ಇನ್ನೊಂದು ಗಾಡಿ ನಿಂತಿತ್ತು. ನಾನು ನೋಡುತ್ತಿದ್ದಂತೆ ಬೆರಳುದ್ದದ ಕೆಂಪು ಕೈ ಕೆಳಗಿಳಿಯಿತು. ಟಕ್ ಎಂಬ ಸಣ್ಣ ಶಬ್ದವೂ ಕೇಳಿಸಿತು. ಬೆರಳು ತೋರಿಸಿ “ಹೋಮ್ ಡೌನ್!” ಎಂದೆ.

“ಡೌನ್!” ಎಂದು ಯಾರೋ ಮರುಕೂಗು ಕೊಟ್ಟರು.

ಗಂಡಸಿನ ದನಿ, ತೀರ ಹತ್ತಿರದಿಂದ. ನನ್ನ ಎಡ ಕಿವಿಗೆ ಉಸಿರು ತಾಗುವಷ್ಟು ಹತ್ತಿರ. ಆ ಕ್ಷಣಕ್ಕೆ ಏನೂ ವಿಚಿತ್ರ ಎನ್ನಿಸಲಿಲ್ಲ, ಮರುಕೂಗು ಬರಬೇಕು, ಬಂತು, ಅಷ್ಟೇ. ಗಾಡಿ ಬಿಟ್ಟೆ. ಅದು ನೆಟ್ಟಗೆ ಹೋಗಿ ನಿಂತಿದ್ದ ಗಾಡಿಗೆ ಗುದ್ದಿ ಪಕ್ಕಕ್ಕೆ ಮಲಗಿತು. ತಲೆಯೆತ್ತಿ ನೋಡಿದರೆ ಸಿಗ್ನಲ್ಲಿನ ಕೈ ಎತ್ತಿದ ಹಾಗೇ ಇತ್ತು. ನನ್ನ ಎಡಕ್ಕೆ ಬರೀ ಗೋಡೆ.

“ಸುಮಿಮಾಸೆನ್, ಸುಮಿಮಾಸೆನ್” ಎಂದು ಬಗ್ಗಿ ಬಗ್ಗಿ ಕ್ಷಮೆ ಕೇಳಿದೆ. ಮೊರಿತಾ-ಸಾನ್ ಗದರಲಿಲ್ಲ. ತಾವು ಲಿವರ್ ಮುಟ್ಟಿಯೇ ಇಲ್ಲ ಎಂದರು, ಅಷ್ಟೇ. ಒಬ್ಬರು ಎಲ್ಲವನ್ನೂ ಮೊಬೈಲಿನಲ್ಲಿ ಚಿತ್ರೀಕರಿಸಿದ್ದರು. ನೋಡಿದೆವು. ಕೈ ಒಂದು ಕೂದಲೆಳೆಯಷ್ಟೂ ಅಲುಗಿರಲಿಲ್ಲ. ನನ್ನ ಕೂಗು ಸ್ಪಷ್ಟವಾಗಿತ್ತು, ಮರುಕೂಗು ಇರಲಿಲ್ಲ. ಆದರೆ ಕೂಗಿದ ಮೇಲೆ ನಾನು ಒಂದು ಗಳಿಗೆ ತಡೆದು, ಎಡಗಡೆಯವರಿಗೆ ಸರಿ ಎನ್ನುವಂತೆ ತಲೆಯಾಡಿಸಿ, ಆಮೇಲೆ ಗಾಡಿ ಬಿಡುವುದು ಕಾಣುತ್ತಿತ್ತು.

ಅಮ್ಮ ತುಮಕೂರಿನಲ್ಲಿ ಅಕ್ಕನ ಮನೆಯಲ್ಲಿದ್ದಾಳೆ, ಭಾನುವಾರ ಸಂಜೆ ಫೋನ್ ಮಾಡುವುದು ರೂಢಿ. ದನಿಯ ವಿಷಯ ಹೇಳಿ ಎಂಬತ್ತು ದಾಟಿದವಳನ್ನು ಹೆದರಿಸುವುದೇಕೆ? ಆಟದ ರೈಲು ಗುದ್ದಿಬಿಟ್ಟೆ ಕಣಮ್ಮ, ಸಿಗ್ನಲ್ ಬಿದ್ದ ಹಾಗೆ ಕಾಣಿಸ್ತು, ಬಿದ್ದಿರಲಿಲ್ಲ ಎಂದಷ್ಟೇ ಹೇಳಿ ನಕ್ಕೆ. ಅವಳು ನಗಲಿಲ್ಲ.

“ಕೂಗಿದ್ಯಾ?”

“ಹೂಂ.”

“ಮರುಕೂಗು ಎಡಗಡೆಯಿಂದ ಬಂತಾ?”

ಅಮ್ಮನೇ ಮುಂದುವರಿಸಿದಳು. “ನಿಮ್ಮಪ್ಪಂಗೂ ಹಂಗೇ ಕಣೋ. ಮುನಿಯಪ್ಪ ಬಲಗಡೆ ಬಗ್ಗಿಕೊಂಡು ಕಲ್ಲಿದ್ದಲು ಹಾಕ್ತಿದ್ನಂತೆ. ಡ್ರೈವರ್ ನಿಲ್ಲೋದೇ ಎಡಗಡೆ ಅಂಚಲ್ಲಿ, ಅದರಾಚೆ ಯಾರಿರ್ತಾರೆ, ಬರೀ ಗಾಳಿ. ಇಂಥದ್ದನ್ನ ಅಧಿಕಾರಿಗಳ ಮುಂದೆ ಹೇಳಕ್ಕಾಗುತ್ತಾ? ನನ್ನೊಬ್ಬಳ ಹತ್ರ ಹೇಳಿ, ಮುನಿಯಪ್ಪಂದೇನೂ ತಪ್ಪಿಲ್ಲ, ಅವನನ್ನ ಬೈಬೇಡ ಅಂದ್ರು.”

“ನಂಗ್ಯಾಕಮ್ಮ ಹೇಳ್ಲಿಲ್ಲ?”

“ಹೇಳಿದ್ರೆ ನಂಬ್ತಿದ್ಯಾ ನೀನು?”

ಇದಾಗಿ ನಾಲ್ಕೈದು ವರ್ಷವಾಯಿತು. ಅಪ್ಪನ ನೆನಪು ತಲೆಯಲ್ಲಿ ತುಂಬಿದ್ದರಿಂದ ಹಾಗಾಯಿತು ಎಂದು ನನಗೆ ನಾನೇ ಹೇಳಿಕೊಂಡು ನೋಡಿದ್ದೇನೆ. ಕೈ ಬಿದ್ದಂತೆ ಕಂಡದ್ದಕ್ಕೆ ಆ ಸಮಾಧಾನ ಸಾಲುತ್ತದೆ. ಆದರೆ ಎಡಗಡೆಯ ಮಾತನ್ನು ಅಮ್ಮ ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಅದು ನನಗೆ ಎಲ್ಲಿಂದ ಬಂತು? ಆ ದನಿ ಯಾರದು, ಒಂದೇ ಮನೆಯ ಇಬ್ಬರನ್ನು ಯಾಕೆ ಹೀಗೆ ದಾರಿ ತಪ್ಪಿಸಿತು, ಗೊತ್ತಿಲ್ಲ. ಮುನಿಯಪ್ಪ ಮಾಮ ತೀರಿಕೊಂಡು ಬಹಳ ಕಾಲವಾಯಿತು. ಅಪ್ಪನೂ ಇಲ್ಲ. ಇದ್ದಿದ್ದರೆ ಎದುರಿಗೆ ಕೂತು, ಅಪ್ಪ, ನನಗೂ ಕೇಳಿಸ್ತು ಎಂದು ಒಂದೇ ಒಂದು ಮಾತು ಹೇಳುತ್ತಿದ್ದೆ.