ಹೊಂಗೆ ಮರದ ಗಿಳಿ

ಗಿರಿನಗರದ ಮನೆಯೊಂದರ ಮುಂದಿನ ಹೊಂಗೆ ಮರದ ಪೊಟರೆಯಿಂದ ಎರಡು ಗೂಬೆಮರಿಗಳು ಇಣುಕಿದ್ದೇ ತಡ, ವಾಕಿಂಗ್ ನಿಲ್ಲಿಸಿ ಮೊಬೈಲ್ ಎತ್ತಿದೆ. ಅಷ್ಟರಲ್ಲಿ ಆ ಮನೆಯ ಗೃಹಿಣಿ ಗೇಟು ತೆರೆದು, “ಏನ್ ಫೋಟೋ ತೆಗೀತಿದೀರಾ ಸಾರ್?” ಎಂದರು. ಗೂಬೆ ಅಪಶಕುನವೆಂದು ಹಿಂದಿನ ಬೀದಿಯಲ್ಲಿ ಯಾರೋ ಮರದ ಕೊಂಬೆಯನ್ನೇ ಕಡಿಸಿದ್ದರು.

“ಗಿಳಿ, ಮೇಡಂ” ಎಂದೆ.

ಆಕೆ ಒಮ್ಮೆ ಹಿಂದಿರುಗಿ ನೋಡಿ, ಹತ್ತಿರ ಬಂದು ಪಿಸುಗುಟ್ಟಿದರು: “ನಮ್ಮತ್ತೆಗೆ ಕಣ್ಣು ಸರಿಯಾಗಿ ಕಾಣಲ್ಲ, ನಾನೂ ಗಿಳಿ ಅಂತಲೇ ಹೇಳಿದೀನಿ. ಅವು ಕೂಗಿದಾಗ ಟೀವಿ ಸೌಂಡ್ ಜಾಸ್ತಿ ಮಾಡ್ತೀನಿ. ಫೋಟೋ ಮಾತ್ರ ಏರಿಯಾ ಗ್ರೂಪಿಗೆ ಹಾಕ್ಬೇಡಿ ಸಾರ್.”

ಹಾಕಿಲ್ಲ. ಆದರೆ ಈಗ ದಿನವೂ ಆ ಮನೆಯ ತಿರುವು ಹತ್ತಿರವಾದಂತೆ, ಮರಿಗಳು ಇನ್ನೂ ಇವೆಯೋ ಇಲ್ಲವೋ ಎಂದು ನನ್ನ ಕಾಲು ತಾನಾಗಿಯೇ ಬಿರುಸಾಗುತ್ತದೆ. ನಿನ್ನೆ ಸಂಜೆ ಆ ಮನೆಯ ಟೀವಿ ಬೀದಿಗೆಲ್ಲ ಕೇಳುವಷ್ಟು ಜೋರಾಗಿತ್ತು. ಆಮೇಲಷ್ಟೇ ನಿಧಾನಕ್ಕೆ ನಡೆದೆ.