ಮೆಟ್ಟಿಲಲ್ಲಿ ಸಿಕ್ಕಿದ ಹಿಪ್ಪುನೇರಳೆ ಮತ್ತು ಉಸ್ತಾದ್ ಯದುಲ್ಲಾ

ಶುಕ್ರವಾರದ ನಸುಕು. ಟೆಹರಾನಿನ ಹಳೆಯ ಮನೆಯೊಂದರಲ್ಲಿರುವ ಗ್ಯಾಲರಿಯ ಮೆಟ್ಟಿಲ ತಿರುವಿನಲ್ಲಿ ದೊಡ್ಡ ಕ್ಯಾನ್ವಾಸೊಂದು ಸಿಕ್ಕಿಕೊಂಡಿದೆ. ಅದರ ಅಂಚಿಗೆ ಹೆಗಲು ಕೊಟ್ಟು ನಿಂತವರು ಯದುಲ್ಲಾ, ಗ್ಯಾಲರಿಗಳಲ್ಲಿ ಚಿತ್ರ ತೂಗುಹಾಕುವ ನುರಿತ ಕೆಲಸಗಾರ, ಎಲ್ಲರ ಬಾಯಲ್ಲಿ ಉಸ್ತಾದ್. ಕೆಳಗಿನ ಮೆಟ್ಟಿಲಲ್ಲಿ ತಲೆಯ ಮೇಲೆ ಕೈಹೊತ್ತು ಕೂತವರು ಕಲಾವಿದೆ ಫರಂಗೀಸ್. ಬಹಳ ವರ್ಷಗಳ ಮೇಲೆ ಅವರದೊಂದು ಏಕವ್ಯಕ್ತಿ ಪ್ರದರ್ಶನ. ಸಂಜೆಗೆ ಜನ ಬರುತ್ತಾರೆ.

"ಎರಡು ತುಂಡು ಮಾಡಿಬಿಡಿ ಉಸ್ತಾದ್. ನನಗೆ ಸಾಕಾಯ್ತು."

"ಚಪ್ಪಲಿ ಚಿಕ್ಕದಾಯ್ತು ಅಂತ ಮಗು ಕಾಲು ಕೊಯ್ತಾರೇನು ಖಾನಂ? ಮೊದಲು ಚಹಾ ಕುಡೀರಿ."

ಹೆಂಗಸರನ್ನೆಲ್ಲ ಗೌರವದಿಂದ ಖಾನಂ ಎನ್ನುವ ಯದುಲ್ಲಾ, ದೂರದ ಮಲಾಯರ್ ಊರಿನ ಕಡೆಯವರು. ಹರೆಯದಲ್ಲಿ ಇಲ್ಲಿಗೆ ಬಂದು ಚಿತ್ರಗಳಿಗೆ ಮರದ ಚೌಕಟ್ಟು ಮಾಡುವ ಅಂಗಡಿ ಇಟ್ಟರು. ಕಾರ್ಖಾನೆಯ ಅಗ್ಗದ ಚೌಕಟ್ಟು ಬಂದು ಅಂಗಡಿ ಮುಚ್ಚಿತು, ಸುತ್ತಿಗೆ ಉಳಿಯಿತು. ಈಗ ವಾರಕ್ಕೆರಡು ಗ್ಯಾಲರಿ: ಚಿತ್ರ ಹೊರುವುದು, ಏರಿಸುವುದು, ಪ್ರದರ್ಶನ ಮುಗಿದ ಮೇಲೆ ಇಳಿಸಿ ಗೋಡೆಯ ತೂತು ಮುಚ್ಚುವುದು. ಸೊಂಟಕ್ಕೆ ಪಟ್ಟಿ, ಎಡಗೈ ಹೆಬ್ಬೆರಳಿನ ಉಗುರು ಕಪ್ಪು.

"ಸೊಂಟ ನೋಯುತ್ತೆ. ಅದರ ಮಾತು ಕೇಳ್ತಾ ಕೂತರೆ ಚಿತ್ರ ತಾನಾಗೇ ಗೋಡೆ ಹತ್ತುತ್ತಾ?" ಎಂದು ನಗುತ್ತಾರೆ. ಇಷ್ಟು ವರ್ಷದಲ್ಲಿ ಒಂದು ಉದ್ಘಾಟನೆಗೂ ನಿಂತವರಲ್ಲ. ಕೇಳಿದರೆ, ಒಳ್ಳೆಯ ಕೋಟಿಲ್ಲ ಎನ್ನುತ್ತಾರೆ.

ಚಿತ್ರವನ್ನು ಚೌಕಟ್ಟಿನಿಂದ ಬಿಚ್ಚಿ ಸುರುಳಿ ಸುತ್ತುವಂತಿಲ್ಲ, ದಪ್ಪ ಬಣ್ಣ ಬಿರಿಯುತ್ತದೆ. ಹಿಂದಿನ ಬಾಲ್ಕನಿಯಿಂದ ಹಗ್ಗ ಬಿಟ್ಟು ಎಳೆದುಕೊಳ್ಳಬಹುದು. ಆದರೆ ಅದರ ಕೆಳಗಿರುವುದು ಪಕ್ಕದ ಮನೆಯ ಶಂಸಿ ಖಾನಂ ಅವರ ಅಂಗಳ. ನೋಡಲು ಬರುವವರೆಲ್ಲ ತನ್ನ ಬಾಗಿಲಿಗೇ ಕಾರು ಅಡ್ಡ ಹಾಕುತ್ತಾರೆಂದು ಆಕೆ ಗ್ಯಾಲರಿಯವರ ಜೊತೆ ಮಾತು ಬಿಟ್ಟು ಎಷ್ಟೋ ಕಾಲವಾಗಿದೆ. ಯದುಲ್ಲಾ ಬೀದಿ ಮೂಲೆಯ ಅಂಗಡಿಯಿಂದ ಬಿಸಿ ರೊಟ್ಟಿ ತಂದು ಆಕೆಯ ಬಾಗಿಲು ತಟ್ಟುತ್ತಾರೆ.

"ಗ್ಯಾಲರಿಯವರು ಕಳಿಸಿದ್ರಾ?"

"ಹಸಿವು ಕಳಿಸ್ತು. ಒಬ್ಬನೇ ತಿನ್ನೋಕೆ ಮನಸ್ಸು ಬರಲಿಲ್ಲ."

"ರೊಟ್ಟಿಗಿಂತ ನಿಮ್ಮ ಮಾತೇ ಬಿಸಿ. ಏನು ಬೇಕು, ಹೇಳಿ."

ವಿಷಯ ಕೇಳಿದ ಆಕೆಯದು ಒಂದೇ ಷರತ್ತು: "ಮೊದಲು ನಾನು ನೋಡಬೇಕು. ಕಂಡಕಂಡದ್ದನ್ನೆಲ್ಲ ನನ್ನ ಅಂಗಳದಲ್ಲಿ ಹಾರಿಸೋಕೆ ಬಿಡಲ್ಲ."

ಚಿತ್ರ ಅಂಗಳಕ್ಕೆ ಬರುತ್ತದೆ. ಹಿಪ್ಪುನೇರಳೆ ಮರದಡಿ ನಾಲ್ಕು ಹೆಂಗಸರು ಬಿಳಿ ಬಟ್ಟೆ ಹಿಡಿದಿದ್ದಾರೆ. ಕೊಂಬೆ ಹತ್ತಿದ ಹುಡುಗಿಯೊಬ್ಬಳು ಹಣ್ಣು ಉದುರಿಸುತ್ತಿದ್ದಾಳೆ. ಶಂಸಿ ಖಾನಂ ಚಿತ್ರದ ಹತ್ತಿರ ಬಂದು ಕೊಂಬೆಯತ್ತ ಬೆರಳು ತೋರುತ್ತಾರೆ.

"ಮರದ ಮೇಲಿರೋಳು ಯಾರು?"

"ನಮ್ಮಮ್ಮ," ಎನ್ನುತ್ತಾರೆ ಫರಂಗೀಸ್.

"ಬಿದ್ದರಾ?"

"ಬಿದ್ದರು. ಆ ಬಟ್ಟೆಯೊಳಕ್ಕೇ."

"ಪುಣ್ಯವಂತೆ. ನಾನು ಬಿದ್ದಾಗ ಬಟ್ಟೆ ಹಿಡಿಯೋರೇ ಇರಲಿಲ್ಲ," ಎಂದು ಶಂಸಿ ಖಾನಂ ನಗುತ್ತಾ ತಾವೇ ಹೂಕುಂಡ ಸರಿಸುತ್ತಾರೆ. ರೊಟ್ಟಿ ಅಂಗಡಿಯ ಇಬ್ಬರು ಹಿಟ್ಟಿನ ಕೈಯಲ್ಲೇ ಬಂದು ಹಗ್ಗ ಹಿಡಿಯುತ್ತಾರೆ. ಯದುಲ್ಲಾ ಮೇಲೆ, ಶಂಸಿ ಖಾನಂ ಕೆಳಗೆ, ಇಬ್ಬರದೂ ಅಪ್ಪಣೆಯೇ. ಬಿಸಿಲೇರುವ ಮೊದಲು ಮರ ಗೋಡೆ ಸೇರುತ್ತದೆ.

ಸಂಜೆ ಮೊದಲು ಬಂದವರು ರೇಷ್ಮೆಯ ತಲೆವಸ್ತ್ರ ಕಟ್ಟಿಕೊಂಡ ಶಂಸಿ ಖಾನಂ. ಈ ಸಲ ಯದುಲ್ಲಾರನ್ನೂ ಫರಂಗೀಸ್ ಹೋಗಗೊಡಲಿಲ್ಲ. ಅವರ ಹೆಂಡತಿ ನುಸ್ರತ್‌ಗೂ ಫೋನ್ ಮಾಡಿ ಕರೆಸಿದ್ದಾರೆ. ಭಾವಮೈದುನನ ಕೋಟು ತೊಟ್ಟು ಬಾಗಿಲ ಬಳಿ ನಿಂತ ಯದುಲ್ಲಾರನ್ನು ಯಾರೋ ಕೇಳುತ್ತಾರೆ, "ನೀವು ಕಲಾವಿದೆ ಕಡೆಯವರಾ?"

"ಅಲ್ಲ, ಗೋಡೆ ಕಡೆಯವನು."

ನುಸ್ರತ್ ಒಂದೊಂದೇ ಚಿತ್ರದ ಮುಂದೆ ನಿಂತು ನೋಡಿ ಬರುತ್ತಾರೆ. "ಎಲ್ಲಾ ನೆಟ್ಟಗಿದೆ," ಎನ್ನುತ್ತಾರೆ, ಸುತ್ತಲಿನವರಿಗೆ ಕೇಳುವ ಹಾಗೆ. "ನಮ್ಮನೇಲಿ ಮದುವೆ ಫೋಟೋ ಮಾತ್ರ ಬೀರುವಿಗೆ ಒರಗಿ ನಿಂತಿದೆ, ಮದುವೆ ಆದಾಗಿನಿಂದ."

ಎಲ್ಲರೂ ನಗುತ್ತಾರೆ. ಯದುಲ್ಲಾರ ಕಿವಿ ಕೆಂಪಾಗುತ್ತದೆ.

"ನಾಳೆ ನನಗೆ ಕೆಲಸವಿಲ್ಲ. ಎದ್ದ ಕೂಡಲೇ ಅದಕ್ಕೊಂದು ಮೊಳೆ ಹೊಡೀಬೇಕು," ಎನ್ನುತ್ತಾರೆ ಮೆಲ್ಲಗೆ. "ಅದರಲ್ಲಿ ಇವಳು ಬಹಳ ಚೆನ್ನಾಗಿ ಕಾಣ್ತಾಳೆ."